ಊರ ನಾಟಕದ ಜೋಕರನನ್ನು ಧಾರಾವಾಹಿ ನಿರ್ಮಾಪಕನನ್ನಾಗಿ ಮಾಡುವ ಕೈಪಿಡಿ

ಈ ಕೈಪಿಡಿಯನ್ನು ಪೂರ್ತಿ ಓದಿಯೇ ಬೆಂಗಳೂರ ಬಸ್ಸು ಹತ್ತಬೇಕು. ಅವಸರದಲ್ಲಿ ಹತ್ತಿಬಿಟ್ಟಿದ್ದರೆ ರಾಣೇಬೆನ್ನೂರಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗಲಾದರೂ ಓದಿ. ದಾವಣಗೆರೆ ದಾಟಿದ ಮೇಲೆ ಓದಿ ಉಪಯೋಗವಿಲ್ಲ. ಅಷ್ಟೊತ್ತಿಗೆ ಪಕ್ಕದ ಸೀಟಿನವನಿಗೆ "ನಾವು ಸೀರಿಯಲ್ ಲೈನಿನ್ಯಾಗ ಅದೇವ್ರಿ" ಎಂದು ಹೇಳಿ ಮುಗಿಸಿರುತ್ತೀರಿ, ತಿರುಗಿ ಬರಲು ಮುಖ ಇರುವುದಿಲ್ಲ.

ಇದು ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ತಾಲೂಕುಗಳ ಬಳಕೆಗೆ ಮಾತ್ರ. ಬ್ಯಾಡಗಿ, ರಾಣೇಬೆನ್ನೂರಿನವರು ಬಳಸಿ ಹೆಚ್ಚುಕಮ್ಮಿಯಾದರೆ ಕಂಪನಿ ಜವಾಬ್ದಾರಿಯಲ್ಲ. ಒಂದೇ ಜಿಲ್ಲೆಯಲ್ಲಿ ಇದೆಂಥ ಭೇದ ಅಂತ ಕೇಳಬೇಡಿ. ಹಾವೇರಿ ಜಿಲ್ಲೆ ಧಾರವಾಡದಿಂದ ಬೇರೆಯಾಗಿದ್ದು 1997ರಲ್ಲಿ, ನಾಲಗೆಗಳು ಬೇರೆಯಾಗಿ ಎಷ್ಟೋ ಕಾಲವಾಯಿತು. ಹಾನಗಲ್ಲಿನ ಪಡುವಣ ಊರುಗಳ ಮಾತಿಗೆ ಮಲೆನಾಡಿನ ಮಳೆ ತಾಗಿದೆ. ಹಿರೇಕೆರೂರಿನವರು ಶಿಕಾರಿಪುರದ ಕಡೆ ಕೊಟ್ಟು ತಂದು ಮಾಡಿ ಅರ್ಧ ಮಾತು ಅಲ್ಲಿಂದಲೂ ತಂದುಕೊಂಡಿದ್ದಾರೆ. ಸವಣೂರು ನವಾಬರ ಊರು, ಅಲ್ಲಿ ಬೈಗುಳಕ್ಕೂ ಒಂದು ತೊಟ್ಟು ಉರ್ದು ಅತ್ತರು ಬಿದ್ದಿರುತ್ತದೆ. ಶಿಗ್ಗಾಂವಿಯವನ ಕಷ್ಟವೇ ಬೇರೆ. ಶಿಶುನಾಳ ಶರೀಫರ ತಾಲೂಕಿನವ ಅಂತ ಗೊತ್ತಾದರೆ ಸಾಕು, "ಬಸ್ಸು ತಡ ಐತಿ" ಅಂದರೂ ಜನ ಅದರಲ್ಲಿ ಎರಡನೇ ಅರ್ಥ ಹುಡುಕುತ್ತ ಕೂಡುತ್ತಾರೆ.

ಬೆಂಗಳೂರಿನಲ್ಲಿ ಇದೆಲ್ಲ ಹೇಳಲು ಹೋಗಬೇಡಿ. ಯಾವ ಊರು ಅಂತ ಕೇಳಿದರೆ "ಹುಬ್ಳಿ ಕಡೆ" ಅನ್ನಿ. ಹಾನಗಲ್ಲ ಅಂದರೆ "ಹುನಗುಂದ ಹತ್ರಾನಾ?" ಅನ್ನುತ್ತಾರೆ.

ಪೆಟ್ಟಿಗೆಯಲ್ಲಿ ಏನೇನಿದೆ

ಊರ ನಾಟಕದ ಜೋಕರ: ಒಂದು. ಹರಿದ ಕೋಟು: ಒಂದು. ಹೆಂಡತಿ ಪಾತ್ರದವಳಿಂದ ಹೊಡೆಸಿಕೊಳ್ಳಲು ಲಟ್ಟಣಿಗೆ: ಒಂದು, ಅದೂ ಯಾರದೋ ಮನೆಯದು, ಬೆಳಗಾದರೆ ಚಪಾತಿಗೆ ಬೇಕು, ವಾಪಸು ಕೊಡಬೇಕು.

ಬೇರೆ ಕೈಪಿಡಿಗಳಲ್ಲಿ ಇಲ್ಲಿಂದ ಮುಂದೆ "ಲೇಖಕನ ಭಾಗವನ್ನು ಹೀಗೆ ಜೋಡಿಸಿ, ನಿರ್ಮಾಪಕನ ಭಾಗವನ್ನು ಹಾಗೆ ತಿರುವಿ" ಎಂದು ಚಿತ್ರ ಕೊಟ್ಟಿರುತ್ತಾರೆ. ಆ ಎರಡು ಭಾಗಗಳು ಈ ಪೆಟ್ಟಿಗೆಯಲ್ಲಿ ಬಿಡಿಯಾಗಿ ಸಿಗುವುದಿಲ್ಲ. ಕಳೆದಿವೆ ಅಂತ ಅಂಗಡಿಯವನ ಜೊತೆ ಜಗಳ ತೆಗೆಯುವ ಮೊದಲು ಜೋಕರನನ್ನೇ ಒಮ್ಮೆ ಬೆಳಕಿಗೆ ಹಿಡಿದು ನೋಡಿ.

ಜಾತ್ರೆ ಇನ್ನೂ ಎರಡು ತಿಂಗಳಿದೆ ಅನ್ನುವಾಗ ಗುಡಿಯ ಪಡಸಾಲೆಯಲ್ಲಿ ತಾಲೀಮು ಶುರುವಾಗುತ್ತದೆ. ಆಡುವ ನಾಟಕದ ಹೆಸರಿನಲ್ಲಿ ತಂಗಿ, ತಾಳಿ, ರಕ್ತ, ರೊಟ್ಟಿ ಇವುಗಳಲ್ಲಿ ಎರಡಾದರೂ ಇರಬೇಕು. ಹೀರೋ ಪಾರ್ಟು ಸಾಹುಕಾರ್ರ ಮಗನಿಗೆ. ಖಳನ ಪಾರ್ಟು ಪಂಚಾಯ್ತಿ ಮೆಂಬರಿಗೆ, ದನಿ ಹೇಗೂ ದೊಡ್ಡದಿದೆ. ಎಲ್ಲರೂ ಪಾರ್ಟು ಹರಿದುಕೊಂಡು ಹೋದ ಮೇಲೆ ಗೋಡೆಗೆ ಆತು ಬೀಡಿ ಸೇದುತ್ತ ಉಳಿದವನಿಗೆ ಮಾಸ್ತರರು ಹಾರ್ಮೋನಿಯಂ ಮೇಲಿಂದ ಕತ್ತೆತ್ತಿ, "ಮತ್ತ ನೀ ಜೋಕರ ಮಾಡಿಬಿಡಪಾ" ಅನ್ನುತ್ತಾರೆ. ನೇಮಕಾತಿ ಮುಗಿಯಿತು.

ಪಟ್ಟಿ ಎತ್ತಲು ಮುಂದೆ ಬಿಡುವುದು ಇವನನ್ನೇ. ಹೀರೋ ಹೋದರೆ ಜನ ಅವನ ಅಪ್ಪನ ಬಡ್ಡಿ ಲೆಕ್ಕ ತೆಗೆಯುತ್ತಾರೆ. ಖಳ ಹೋದರೆ ರಸ್ತೆ ಕಾಮಗಾರಿ ಏನಾತು ಅನ್ನುತ್ತಾರೆ. ಜೋಕರ ಹೋದರೆ ಮೊದಲು ನಗುತ್ತಾರೆ, ನಕ್ಕ ಮೇಲೆ ಇಲ್ಲ ಅನ್ನುವುದು ಕಷ್ಟ. ಗದಗಿನಿಂದಲೋ ದಾವಣಗೆರೆಯಿಂದಲೋ ಸ್ತ್ರೀ ಪಾತ್ರಧಾರಿಗಳಿಗೆ ಮುಂಗಡ ಕಳಿಸುವವನು ಅವನು. ಸೀನರಿ ಬಾಡಿಗೆ ಮಾತಾಡುವವನು ಅವನು. ಜನರೇಟರಿನವನಿಗೆ ಡೀಸೆಲ್ಲಿನ ದುಡ್ಡು ಯಾರು ಕೊಡಬೇಕು ಅಂತ ರಾತ್ರಿ ಹನ್ನೊಂದಕ್ಕೆ ಬಂದ ತಕರಾರನ್ನು ಮುಖಕ್ಕೆ ಅರ್ಧ ಬಣ್ಣ ಹಚ್ಚಿಕೊಂಡೇ ಬಗೆಹರಿಸುವವನೂ ಅವನೇ. ಇಷ್ಟು ಮಾಡುವವನಿಗೆ ಬೆಂಗಳೂರಿನಲ್ಲಿ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಅನ್ನುತ್ತಾರೆ, ಕೂಡಲು ಕುರ್ಚಿ ಕೊಡುತ್ತಾರೆ.

ಇನ್ನು ಬರವಣಿಗೆ. ಪುಸ್ತಕದಲ್ಲಿ ಅಚ್ಚಾದ ಹಾಸ್ಯದ ಸೀನನ್ನು ಇದ್ದ ಹಾಗೆ ಆಡಿದ ಜೋಕರನನ್ನು ನಾನು ಕಂಡಿಲ್ಲ. ನಮ್ಮೂರಲ್ಲಿ ಒಮ್ಮೆ ಹೀರೋಯಿನ್ ಬರುತ್ತಿದ್ದ ಟೆಂಪೋ ದಾರಿಯಲ್ಲಿ ಕೆಟ್ಟು ನಿಂತಿತು. ರಾತ್ರಿ ಒಂದೂವರೆ. ಕಂಬಳಿ ಹೊದ್ದು ಕುಳಿತ ಮಂದಿ ಸೀಟಿ ಹೊಡೆಯಲು ಶುರುಮಾಡಿದ್ದರು. ಮಾಸ್ತರರು ಪರದೆಯ ಸಂದಿನಿಂದ ಜೋಕರನ ಬೆನ್ನು ನೂಕಿ, "ಒಂದ್ ಹತ್ತು ಮಿನಿಟ್ ಎಳಿಯಪಾ" ಅಂದರು. ಅವನು ಮುಕ್ಕಾಲು ತಾಸು ಎಳೆದ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಲೈನ್‌ಮನ್ನನ್ನು ಹಿಡಿದುಕೊಂಡ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ಪಾರಾಯಣದಂತೆ ರಾಗವಾಗಿ ಓದಿದ, ಸೊಸೈಟಿ ಸಾಲದ ಮೇಲೆ ಒಂದು ಸ್ವಗತ ಹೇಳಿದ, ಕೊನೆಗೆ ಬಾರದ ಹೀರೋಯಿನ್‌ಗೇ ಒಂದು ಫೋನು ಹಚ್ಚಿ "ಯವ್ವಾ, ಎಲ್ಲೀವರೆಗೆ ಬಂದೀರಿ? ಬಂಕಾಪುರದ ನವಿಲು ನೋಡ್ಕೋಂತ ನಿಂತೀರೇನು?" ಎಂದು ಖಾಲಿ ಅಂಗೈಗೆ ಮಾತಾಡಿದ. ಟೆಂಪೋ ಬಂದು, ಹೀರೋಯಿನ್ ಬಣ್ಣ ಹಚ್ಚಿಕೊಂಡು ರೆಡಿಯಾದರೂ ಮಂದಿ ಇವನನ್ನು ಒಳಗೆ ಹೋಗಗೊಡಲಿಲ್ಲ.

ಧಾರಾವಾಹಿಯ ಕಸುಬಿನಲ್ಲೂ ಇದಕ್ಕೆ ಎಳೆಯುವುದು ಎಂದೇ ಹೆಸರು. ಫರಕು ಇಷ್ಟೇ, ಅಲ್ಲಿ ಎಳೆದರೆ ಮಂದಿ ಬೈಯುತ್ತಾರೆ.

ಬ್ರೇಕ್ ಎಂಬುದನ್ನೂ ಟೀವಿಯವರು ಕಂಡುಹಿಡಿದದ್ದಲ್ಲ. ತಂಗಿ ಅಣ್ಣನ ತೊಡೆಯ ಮೇಲೆ ಸಾಯುತ್ತಿರುತ್ತಾಳೆ. ಅಣ್ಣ "ತಂಗೀ..." ಎಂದು ಬಾಯಿ ತೆರೆದಿರುತ್ತಾನೆ. ಆಗಲೇ ಮೈಕಿನಲ್ಲಿ ಬರುತ್ತದೆ: ಅಣ್ಣನ ಪಾತ್ರಧಾರಿಯ ಮಾವನವರಿಂದ ಒಂದು ಉಂಗುರ, ಒಂದು ಧೋತರ ಆಯೇರಿ. ಅಣ್ಣ ತಂಗಿಯನ್ನು ಮೆಲ್ಲಗೆ ಕೆಳಗಿಟ್ಟು, ಎದ್ದು, ಉಂಗುರಕ್ಕೆ ಬೆರಳು ಕೊಟ್ಟು, ಧೋತರ ಹೆಗಲಿಗೆ ಹಾಕಿಸಿಕೊಂಡು, ಕೈಮುಗಿದು, ಮತ್ತೆ ಕುಳಿತು ಅವಳನ್ನು ಎತ್ತಿಕೊಂಡು ಅದೇ "ತಂಗೀ..." ಇಂದ ಮುಂದುವರಿಯುತ್ತಾನೆ. ಅವಳೂ ಬಿಟ್ಟಲ್ಲಿಂದಲೇ ಸಾಯುತ್ತಾಳೆ. ಪ್ರಾಯೋಜಕರಿಗಾಗಿ ಸಾವನ್ನು ಇಷ್ಟು ಮರ್ಯಾದೆಯಿಂದ ನಿಲ್ಲಿಸಿ ಮತ್ತೆ ಚಾಲೂ ಮಾಡುವುದನ್ನು ಯಾವ ಚಾನೆಲ್ಲೂ ಇನ್ನೂ ಕಲಿತಿಲ್ಲ.

ತಯಾರಿಕೆಯ ಹಿನ್ನೆಲೆ

ಈ ಮಾದರಿ ಹಳೆಯದು. ದೊಡ್ಡಾಟದಲ್ಲಿ ಸಾರಥಿ ಎಂಬವನೊಬ್ಬ ಇರುತ್ತಾನೆ. ಕಿರೀಟ, ಭುಜಕೀರ್ತಿ ಹೊತ್ತ ರಾಜರು ಧಡಧಡ ಕುಣಿದು ಸುಸ್ತಾಗಿ ನಿಂತಾಗ "ತಾವ್ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು" ಎಂದು ಕೇಳುವವನು ಅವನು. ನಗಿಸುತ್ತಾನೆ, ಕಥೆಯನ್ನು ಮುಂದಕ್ಕೆ ದಬ್ಬುತ್ತಾನೆ, ರಾಜನಿಗೆ ಮಾತು ಮರೆತರೆ ಪ್ರಶ್ನೆಯೊಳಗೇ ಉತ್ತರ ಇಟ್ಟು ಕೊಡುತ್ತಾನೆ. ಪಗಾರದ ಲೆಕ್ಕ ಬಂದಾಗ ಮಾತ್ರ ರಾಜನ ಹೆಸರು ಮೇಲೆ ಬರೆಯುತ್ತಾರೆ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಕಟ್ಟಿದ ಟಿ.ಬಿ. ಸೊಲಬಕ್ಕನವರ ಕುಂಚದವರಾಗಿದ್ದೂ ದೊಡ್ಡಾಟದ ಬೆನ್ನು ಹತ್ತಿದವರು. ಅಲ್ಲಿ ಈಗ ಸಿಮೆಂಟಿನ ರೈತ, ಸಿಮೆಂಟಿನ ಎತ್ತು, ಸಿಮೆಂಟಿನ ಗೌಡರ ಮನೆ ಎಲ್ಲ ನಿಂತಿವೆ. ಪಕ್ಕದಲ್ಲೇ ಜಾನಪದ ವಿಶ್ವವಿದ್ಯಾಲಯ. ಹೋದರೆ ಆ ಸಿಮೆಂಟಿನ ಮುಖಗಳನ್ನು ನೋಡಿ. ಅವುಗಳ ಎದುರು ನಿಂತು ಶಾಲೆ ಹುಡುಗರು ಅಣಕು ಮಾಡುವುದನ್ನೂ ನೋಡಿ. ಮುಂದಿನ ಕಂತಿನ ಕಚ್ಚಾಮಾಲು ಅಲ್ಲಿ ತಯಾರಾಗುತ್ತಿರುತ್ತದೆ.

ಹಿರೇಕೆರೂರ ಕಡೆಯವರು ಇನ್ನೂ ಹಿಂದಕ್ಕೆ ಹೋಗಿ ಸರ್ವಜ್ಞನನ್ನು ತರುತ್ತಾರೆ. ಅವನು ಅಬಲೂರಿನವನೋ ಮಾಸೂರಿನವನೋ ಎಂಬ ವಾದಕ್ಕೆ ಕೈಪಿಡಿ ಬೀಳುವುದಿಲ್ಲ. ಮೂರು ಸಾಲಿನಲ್ಲಿ ಮಾತು ಮುಗಿಸಿ, ಆ ಮಾತಿನ ಮೇಲೇ ಊರೂರಲ್ಲಿ ಊಟ ಗಿಟ್ಟಿಸಿದವನು ಅನ್ನುವುದು ನಮಗೆ ಸಾಕು. ಈಗಿನ ಧಾರಾವಾಹಿಯ ಎಪಿಸೋಡ್ ರೈಟರಿಗೆ ಮೂರು ಸಾಲಿನ ವಿಷಯ ಕೊಟ್ಟರೆ ಮೂರು ವಾರ ನಡೆಸುತ್ತಾನೆ, ಅವನಿಗೂ ಊಟವೇ ಮುಖ್ಯ.

ನಾಟಕ ಕಂಪನಿ ಅಂದರೆ ಏನು ಅಂತ ತಿಳಿಯಬೇಕಾದರೆ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳ ಪರಂಪರೆ ನೋಡಬೇಕು. ಕಣ್ಣಿಲ್ಲದ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಲು ಆಶ್ರಮ ಕಟ್ಟಿದರು. ಹಾವೇರಿ ಹತ್ತಿರದ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಶಿಷ್ಯ ಪುಟ್ಟರಾಜ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದ ಖರ್ಚು ತೂಗಿಸಲು ನಾಟಕ ಕಂಪನಿಯನ್ನೇ ನಡೆಸಿದರು, ತಾವೇ ನಾಟಕ ಬರೆದರು. ಇಂದು ರಂಗದ ಮೇಲೆ ಎಷ್ಟು ಟಿಕೀಟು ಹರಿಯಿತೋ ನಾಳೆ ಅಷ್ಟು ಅಕ್ಕಿ. ನಿರ್ಮಾಪಕ ಎಂಬ ಶಬ್ದಕ್ಕೆ ಇದಕ್ಕಿಂತ ಸರಳವಾದ ಅರ್ಥ ನನಗೆ ಎಲ್ಲೂ ಸಿಕ್ಕಿಲ್ಲ, ಮುಂದೆ ಇದು ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಜೋಡಣೆ

ಮೊದಲ ತಿರುಪು ಹೆಗ್ಗೋಡಿನದು. 1949ರಲ್ಲಿ ಹುಟ್ಟಿದ ಅಲ್ಲಿನ ರಂಗಸಂಸ್ಥೆ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಹಿರೇಕೆರೂರಿನಿಂದ ಶಿರಾಳಕೊಪ್ಪ ದಾಟಿ ಸಾಗರದ ಬಸ್ಸು ಹಿಡಿದರೆ ಆಯಿತು. ಅಲ್ಲಿ ನಿಮಗೆ ಮೊದಲು ಸುಮ್ಮನೆ ನಿಲ್ಲುವುದನ್ನು ಕಲಿಸುತ್ತಾರೆ, ಊರ ಜೋಕರನಿಗೆ ಇದು ಬಲು ಕಷ್ಟದ ಪಾಠ. ಹೋಗಲಾಗದವರು ಹಾನಗಲ್ಲ ತಾಲೂಕಿನ ಶೇಷಗಿರಿಗೆ ಹೋಗಿ. ಹಳ್ಳಿಯೇ ಆಧುನಿಕ ನಾಟಕ ಆಡುತ್ತದೆ, ದನಕ್ಕೆ ಮೇವು ಹಾಕಿ ಬಂದವರು ಸಂಜೆ ತಾಲೀಮಿಗೆ ನಿಲ್ಲುತ್ತಾರೆ.

ಎರಡನೆಯ ತಿರುಪು ಹುಬ್ಬಳ್ಳಿಯದು, ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಯಶವಂತ ಸರದೇಶಪಾಂಡೆ ವಿಜಯಪುರ ಜಿಲ್ಲೆಯ ಉಕ್ಕಲಿಯವರು, ನೀನಾಸಮ್‌ನಲ್ಲಿ ಕಲಿತವರು. ಮರಾಠಿಯಿಂದ ಬಂದ 'ಆಲ್ ದಿ ಬೆಸ್ಟ್' ನಾಟಕವನ್ನು ಕನ್ನಡದಲ್ಲಿ ಊರೂರು ಆಡಿಸಿ, ಹಾಸ್ಯಕ್ಕೆ ಟಿಕೀಟು ತೆಗೆದುಕೊಂಡು ಬರುವ ಮಂದಿ ಇನ್ನೂ ಇದ್ದಾರೆ ಅಂತ ತೋರಿಸಿದರು. ನಾಟಕ, ಧಾರಾವಾಹಿ, ಸಿನಿಮಾ ಮೂರರಲ್ಲೂ ಓಡಾಡಿದರು. 2005ರಲ್ಲಿ ರಮೇಶ್ ಅರವಿಂದ್ 'ರಾಮ ಶಾಮ ಭಾಮ' ತೆಗೆದಾಗ ಕಮಲ್ ಹಾಸನ್ ಬಾಯಿಗೆ ಹುಬ್ಬಳ್ಳಿ ಕನ್ನಡ ಬರೆದುಕೊಟ್ಟವರು ಇವರೇ. ಅದರ ಮೂಲವಾದ 1995ರ ತಮಿಳು ಚಿತ್ರದಲ್ಲಿ ಕಮಲ್ ಕೊಂಗು ನಾಡಿನ ತಮಿಳು ಆಡಿದ್ದರು. ಕೊಂಗಿನ ಹಳ್ಳಿ ತಮಿಳಿಗೆ ಕನ್ನಡದಲ್ಲಿ ಜೋಡಿ ಹುಡುಕಿದಾಗ ಹುಬ್ಬಳ್ಳಿ ಸಿಕ್ಕಿತು. ಕೇಳಿ ನೋಡಿ, ಆ ಮಾತಿನಲ್ಲಿ ಎಳೆತ ಎಲ್ಲಿ, ತಡೆತ ಎಲ್ಲಿ, ಸಿಟ್ಟು ಬಂದಾಗ ಶಬ್ದ ಹೇಗೆ ಮೊಟಕಾಗುತ್ತದೆ ಎಲ್ಲ ಸರಿಯಾಗಿದೆ. ಪರಮಕುಡಿಯಲ್ಲಿ ಹುಟ್ಟಿದವರು ಇಷ್ಟು ಕಲಿತರು. ಸರದೇಶಪಾಂಡೆ 2025ರ ಸೆಪ್ಟೆಂಬರ್ 29ರಂದು ತೀರಿಕೊಂಡರು. ನಮ್ಮ ಕಡೆಯ ಎಷ್ಟು ಜೋಕರರು ಅವರ ನಾಟಕ ನೋಡಿ ಆಮೇಲೆ ಬಸ್ಸು ಹತ್ತಿದರೋ, ಅದರ ಲೆಕ್ಕ ಇಟ್ಟವರಿಲ್ಲ.

ಈಗ ಬೆಂಗಳೂರು. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಒಂದು ನಂಬಿಕೆಯಿದೆ: ಯಾವ ವಾಕ್ಯದ ಬಾಲಕ್ಕಾದರೂ 'ರೀ' ಹಚ್ಚಿದರೆ ಅದು ಉತ್ತರ ಕರ್ನಾಟಕ. ಅಪ್ಪ ಮಗನಿಗೆ ರೀ, ಅತ್ತೆ ಸೊಸೆಗೆ ರೀ, ಕಳ್ಳ ಪೊಲೀಸನಿಂದ ಓಡುತ್ತ "ಹಿಡೀರಿ ನೋಡೋಣರಿ". ನಾಯಿಯನ್ನು ಗದರಿಸುವಾಗಲೂ ರೀ. ಹಾನಗಲ್ಲಿನಲ್ಲಿ ನಾಯಿಗೆ ರೀ ಅಂದವನನ್ನು ನಾಯಿಯೇ ಅನುಮಾನದಿಂದ ನೋಡುತ್ತದೆ.

ನಾನೂ ಒಂದಿಷ್ಟು ದಿನ ಒಂದು ಧಾರಾವಾಹಿಗೆ ಮಾತು ಬರೆದೆ. ವಾಹಿನಿಯ ಹೆಸರು ಬೇಡ. ಊರಿಂದ ಬಂದ ನಾಯಕಿ, ಮೊದಲ ದಿನ ಗಂಡನ ಮನೆ, ಹಸಿವು. "ಹೊಟ್ಟಿ ಹಸದೈತಿ" ಅಂತ ಬರೆದೆ. ಮೂರು ಶಬ್ದವೂ ಆಗಲಿಲ್ಲ, ಎರಡೇ. ಕೆಳಗೆ ಕೆಂಪು ಗೆರೆ ಎಳೆದು ಬಂತು: "ಹೀರೋಯಿನ್ ಹೀಗೆ ಮಾತಾಡಲ್ಲ. ಅಡುಗೆಯವಳಿಗೆ ಕೊಡಿ." ಕೊಟ್ಟೆ. ಆಮೇಲೆ ನನ್ನ ಮಾತೆಲ್ಲ ಅಡುಗೆಯವಳಿಗೇ ಹೋಗತೊಡಗಿತು. ನಾಯಕಿ ಪುಸ್ತಕದ ಕನ್ನಡದಲ್ಲಿ ಅಳುವಳು, ಅಡುಗೆಯವಳು ಸವಣೂರ ಕನ್ನಡದಲ್ಲಿ ಬಾಳುವಳು. ಜನಕ್ಕೆ ಯಾರು ಹಿಡಿಸಿರಬೇಕು ಹೇಳಿ. ಎರಡು ತಿಂಗಳಲ್ಲಿ ಅಡುಗೆಯವಳಿಗೆ ಹೆಚ್ಚು ಸೀನು ಬೀಳತೊಡಗಿದವು, ನಾಯಕಿಗೆ ಸಿಟ್ಟು ಬಂತು, ಅಡುಗೆಯವಳನ್ನು ಕಾಶಿಯಾತ್ರೆಗೆ ಕಳಿಸಿದರು. ಹಿಂದೆಯೇ ನಾನು. ನನಗೆ ಕಾಶಿಯೂ ಇಲ್ಲ, ಬಾಕಿ ಬಿಲ್ಲೂ ಇಲ್ಲ.

ಸೂಚನೆ: ಈ ಹಂತದಲ್ಲಿ ಕೈಗೆ ಸಣ್ಣ ಆಘಾತ ತಗಲಬಹುದು. ಗಾಬರಿಯಾಗಬೇಡಿ, ಕೈ ಒಣಗಿಸಿಕೊಂಡು ಮುಂದುವರಿಯಿರಿ.

ಚಾಲೂ ಮಾಡುವುದು

ನಟನಾಗಿ ಟೀವಿಗೆ ಬಂದ ಹಾಸ್ಯಗಾರ ನಿರ್ಮಾಪಕನಾಗುವುದನ್ನು ಪೂರ್ತಿಯಾಗಿ, ಎಲ್ಲ ಗೇರುಗಳಲ್ಲಿ ನೋಡಬೇಕಾದರೆ ಸಿಹಿಕಹಿ ಚಂದ್ರು ಅವರನ್ನು ನೋಡಬೇಕು. ದೂರದರ್ಶನದ ಕಾಲದ 'ಸಿಹಿಕಹಿ' ಧಾರಾವಾಹಿ ಅವರಿಗೆ ಅಡ್ಡಹೆಸರನ್ನೇ ಕೊಟ್ಟಿತು, ಜೊತೆಗೆ ನಟಿಸಿದ ಗೀತಾ ಅವರಿಗೂ ಅದೇ ಅಡ್ಡಹೆಸರು, ಮುಂದೆ ಇಬ್ಬರೂ ಮದುವೆಯಾದರು. 1990ರ 'ಗಣೇಶನ ಮದುವೆ'ಯಂಥ ಸಿನಿಮಾಗಳಲ್ಲಿ ನಗಿಸಿದರು. ಬೇರೆಯವರಾದರೆ ಅಷ್ಟಕ್ಕೆ ಸಾಕು ಅನ್ನುತ್ತಿದ್ದರು.

ಆಗ ದೂರದರ್ಶನದಲ್ಲಿ ಲೆಕ್ಕ ಬೇರೆ. 13 ಕಂತಿಗೆ ಮಂಜೂರಾತಿ ತಂದು, ಪ್ರಸಾರದ ಶುಲ್ಕ ಕಟ್ಟಿ, ಪ್ರತಿಯಾಗಿ ಸಿಕ್ಕ ಜಾಹೀರಾತಿನ ಸೆಕೆಂಡುಗಳನ್ನು ಸೋಪು, ಚಹಾಪುಡಿಯವರಿಗೆ ಮಾರಬೇಕು. ಪಟ್ಟಿ ಎತ್ತಿದಂತೆಯೇ, ರಸೀದಿ ಪುಸ್ತಕ ಮಾತ್ರ ಚೆಂದದ್ದು. 1994ರಲ್ಲಿ ಉದಯ ಟಿವಿ, 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಬಂದವು. 13ರ ಲೆಕ್ಕ ಹೋಗಿ ದಿನದ ಲೆಕ್ಕ ಬಂತು. ಈ ಹೊಸ ಹೊಟ್ಟೆಗೆ ಚಂದ್ರು ಬಡಿಸಿದ್ದು 'ಪಾಪಾ ಪಾಂಡು', 'ಸಿಲ್ಲಿ ಲಲ್ಲಿ'. ಪಾಂಡು ಆದ ಚಿದಾನಂದ, ಪಾಚು ಆದ ಶಾಲಿನಿ, ಡಾಕ್ಟರ್ ವಿಠಲರಾಯರಾದ ರವಿಶಂಕರ್, ಲಲಿತಾಂಬೆಯಾದ ಮಂಜುಭಾಷಿಣಿ ಮನೆಮನೆಯ ಬಳಗವಾದರು. 'ಸಿಲ್ಲಿ ಲಲ್ಲಿ' ನಿರ್ದೇಶಿಸಿದ ವಿಜಯಪ್ರಸಾದ್ ಮುಂದೆ 'ಸಿದ್ಲಿಂಗು', 'ನೀರ್ ದೋಸೆ' ತೆಗೆದರು. ಅತ್ತೆ-ಸೊಸೆ ಅಳುವ ತಾಸಿನಲ್ಲಿ ಅರ್ಧ ತಾಸು ನಗುವಿಗೆ ಜಾಗ ಹಿಡಿದಿಟ್ಟದ್ದು ಸಣ್ಣ ಕೆಲಸವಲ್ಲ, ನನ್ನ ಎಣಿಕೆಯಲ್ಲಿ ಅದು ಅವರ ನಟನೆಗಿಂತ ದೊಡ್ಡದು.

ಅರ್ಧ ತಾಸಿನ ಸ್ಲಾಟಿನಲ್ಲಿ ಜಾಹೀರಾತು ಕಳೆದರೆ ನಿಮಗೆ ಉಳಿಯುವುದು ಸುಮಾರು 22 ನಿಮಿಷ. ಇಷ್ಟನ್ನು ದಿನಾ ತುಂಬಬೇಕು. ಬೆಳಿಗ್ಗೆ ಒಂಬತ್ತಕ್ಕೆ ಸೆಟ್ಟು, ಅಂದರೆ ಬಾಡಿಗೆಗೆ ಹಿಡಿದ ಯಾರದೋ ಮನೆ. ಒನ್‌ಲೈನ್ ನಿನ್ನೆ ಚಾನೆಲ್ ಒಪ್ಪಿದೆ, ಸೀನ್ ಪೇಪರ್ ಇನ್ನೂ ಬಂದಿಲ್ಲ. ರೈಟರಿಗೆ ಮ್ಯಾನೇಜರ್ ಫೋನು, "ಸಾರ್, ಎರಡನೇ ಸೀನು ಕಳ್ಸಿಬಿಡಿ, ಮೊದಲನೇದು ಲೈಟಿಂಗ್ ಆಗ್ತಿದೆ." ರೈಟರ್ ಬಸ್ಸಿನಲ್ಲಿ ನಿಂತು ವಾಟ್ಸಾಪಿನಲ್ಲಿ ಬೆರಳಿನಿಂದ ಮಾತು ಬರೆಯುತ್ತಾನೆ. ಮಾವನ ಪಾತ್ರದವರು ಮಧ್ಯಾಹ್ನ ಬೇರೆ ಧಾರಾವಾಹಿಗೆ ಸಾಯಲು ಹೋಗಬೇಕು, ಆದ್ದರಿಂದ ಇಲ್ಲಿ ಬೇಗ ನಗಿಸಿ ಕಳಿಸಬೇಕು. ಟೆಂಪೋ ಕೆಟ್ಟ ರಾತ್ರಿ ನೆನಪಾಗುತ್ತದಲ್ಲವೇ? ಅದೇ ಯಂತ್ರ. ಇಲ್ಲಿ ಕೆಟ್ಟ ಟೆಂಪೋ ಬದಲು ಟ್ರಾಫಿಕ್ಕು.

ಸೆಟ್ಟಿನಲ್ಲಿ "ಪ್ರೊಡಕ್ಷನ್!" ಎಂದು ಯಾರಾದರೂ ಕೂಗಿದರೆ ಸಿನಿಮಾ ಕಲಿತು ಬಂದವರು ಕೋಟು ಸರಿಮಾಡಿಕೊಂಡು ನಿರ್ಮಾಪಕರು ಬರುತ್ತಾರೆ ಅಂತ ಕಾಯುತ್ತಾರೆ. ಬರುವುದು ಚಹಾದ ಹುಡುಗ. ನಮ್ಮ ಸೆಟ್ಟುಗಳಲ್ಲಿ ಪ್ರೊಡಕ್ಷನ್ ಅಂದರೆ ಊಟ-ತಿಂಡಿಯ ತಂಡ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾರು, ಸಂಜೆ ಏನಾದರೂ ಕರಿದದ್ದು. ಒಂದು ದಿನ ಸಾರಿಗೆ ಉಪ್ಪು ಹೆಚ್ಚಾದರೆ ಮಧ್ಯಾಹ್ನದ ಸೀನುಗಳೆಲ್ಲ ಸಪ್ಪಗಾಗುತ್ತವೆ, ಇದು ಎಲ್ಲ ನಿರ್ದೇಶಕರಿಗೂ ಗೊತ್ತು. ಗವಾಯಿಗಳ ಆಶ್ರಮದ ಲೆಕ್ಕ ಇಲ್ಲಿಯೂ ಅದೇ. ಇಷ್ಟು ವರ್ಷ ಯೂನಿಟ್ಟಿಗೆ ಅನ್ನ ಹಾಕಿದ ಚಂದ್ರು ಆಮೇಲೆ ಸ್ಟಾರ್ ಸುವರ್ಣದಲ್ಲಿ 'ಬೊಂಬಾಟ್ ಭೋಜನ' ಅಂತ ಒಲೆಯ ಮುಂದೆಯೇ ನಿಂತುಬಿಟ್ಟರಲ್ಲ, ಅದನ್ನು ಜನ ಹೊಸ ಅವತಾರ ಅಂದರು. ನನಗೆ ಹಾಗೆ ಕಾಣಲಿಲ್ಲ. ಅಡುಗೆಮನೆಯನ್ನು ಹಿಂದಿನಿಂದ ಮುಂದಕ್ಕೆ ತಂದರು, ಅಷ್ಟೇ.

ಸೃಜನ್ ಲೋಕೇಶ್ ಮಾದರಿ ಮೂರು ತಲೆಮಾರಿನ ವಾರಂಟಿಯೊಂದಿಗೆ ಬರುತ್ತದೆ. ಅಜ್ಜ ಸುಬ್ಬಯ್ಯ ನಾಯ್ಡು 1934ರ 'ಸತಿ ಸುಲೋಚನ'ದವರು, ಅಪ್ಪ ಲೋಕೇಶ್, ಅಮ್ಮ ಗಿರಿಜಾ. 2015ರಲ್ಲಿ 'ಮಜಾ ಟಾಕೀಸ್' ತಂದು, ನಿರೂಪಣೆ, ನಟನೆ, ನಿರ್ಮಾಣ ಮೂರನ್ನೂ ಒಂದೇ ಸೋಫಾದ ಮೇಲೆ ಕೂಡಿಸಿದರು. ನಾಲ್ಕು ತಾಲೂಕಿನವರಿಗೆ ಈ ಮಾದರಿಯ ಬಿಡಿಭಾಗ ಸಿಗುವುದಿಲ್ಲ, ನೋಡಿ ಸಂತೋಷಪಡಿ.

ದೋಷ ಮತ್ತು ಪರಿಹಾರ

ಯಂತ್ರ ಗುರುವಾರ ಮಾತ್ರ ನಡುಗುತ್ತದೆ: ಇದು ದೋಷವಲ್ಲ. ಗುರುವಾರ ಟಿಆರ್‌ಪಿ ಬರುತ್ತದೆ. 2015ರಿಂದ ಅದು ನೋಡುಗರನ್ನು ಎಣಿಸುವ ಬಾರ್ಕ್ ಸಂಸ್ಥೆಯ ಲೆಕ್ಕ, ಅದೇ ವರ್ಷ ಅಕ್ಟೋಬರಿನಿಂದ ಹಳ್ಳಿಯ ಲೆಕ್ಕವೂ ಸೇರಿತು. ಅಂದರೆ ನಿಮ್ಮ ಹಣೆಬರಹ ಬರೆಯುವ ಮೀಟರು ನಿಮ್ಮೂರ ಪಕ್ಕದ ಊರಿನಲ್ಲೇ, ಟೀವಿ ಹಚ್ಚಿಟ್ಟು ಗೋವಿನಜೋಳ ಸುಲಿಯುತ್ತ ಕುಳಿತ ಅಜ್ಜಿಯ ಮನೆಯಲ್ಲಿ ಇರಬಹುದು. ಯಾರ ಮನೆ ಎಂಬುದು ಗುಟ್ಟು. ಹುಡುಕಿಕೊಂಡು ಹೋಗುವುದು ಸಲ್ಲದು, ಆದರೂ ಆ ಕಡೆ ಹೋದಾಗ ಅಜ್ಜಿಯರಿಗೆಲ್ಲ ನಮಸ್ಕಾರ ಹಾಕುತ್ತ ಹೋದರೆ ತಪ್ಪೇನಿಲ್ಲ.

ಜೋಕು ಹೇಳದೆಯೇ ಜನ ನಗುತ್ತಾರೆ: ಹಾಗಾದರೆ ನಿಮ್ಮ ಕೈಗೆ ಬೇರೆ ಯಂತ್ರ ಬಂದಿದೆ. ಸವಣೂರ ತಾಲೂಕಿನ ಚಿಲ್ಲೂರಬಡ್ನಿಯ ಹನುಮಂತ ಕುರಿ ಕಾಯುತ್ತಿದ್ದವರು. 'ಸರಿಗಮಪ'ದಲ್ಲಿ ಹಾಡಿ 2019ರಲ್ಲಿ ರನ್ನರ್ ಅಪ್ ಆದರು, 2025ರ ಜನವರಿಯಲ್ಲಿ ಬಿಗ್ ಬಾಸ್ 11ನೇ ಸೀಸನ್ನನ್ನು ವೈಲ್ಡ್ ಕಾರ್ಡಾಗಿ ಹೋಗಿ ಗೆದ್ದು 50 ಲಕ್ಷ ತಂದರು. ಬಂದದ್ದು ಹಾಡುಗಾರನಾಗಿ. ಆದರೆ ಲುಂಗಿಯಲ್ಲಿ ನಿಂತು ಅವರು ಊರಿನ ಮಾತು ಆಡಿದಾಗೆಲ್ಲ ವೇದಿಕೆ ನಕ್ಕಿತು. ಆ ನಗು ಅವರ ಜೊತೆಗಿನದೋ ಅವರ ಮೇಲಿನದೋ ಅಂತ ನಮ್ಮ ಕಡೆಯವರಿಗೆ ಮೊದಮೊದಲು ಕಸಿವಿಸಿ ಇತ್ತು. ಆಮೇಲೆ ತಿಳಿಯಿತು, ಅವರು ಯಾವ ಪ್ರಶ್ನೆಗೆ ಪೆದ್ದನಾಗಬೇಕು, ಯಾವ ಪ್ರಶ್ನೆಗೆ ಆಗಬಾರದು ಎಂಬ ಲೆಕ್ಕ ಬಲ್ಲವರು. ಸಾರಥಿಯ ಲೆಕ್ಕ ಅದು. ಮುಂದೆ ಬರೆಯಲು, ಮಾಡಿಸಲು ಕುಳಿತರೆ ಕೈಪಿಡಿಗೆ ಹೊಸ ಆವೃತ್ತಿ ಬೇಕಾಗುತ್ತದೆ.

ಬಿಲ್ಲು ಕೊಟ್ಟು ತಿಂಗಳುಗಟ್ಟಲೆಯಾದರೂ ಹಣ ಬರುವುದಿಲ್ಲ: ಮತ್ತೊಮ್ಮೆ ಬಿಲ್ಲು ಕೊಡಿ. ಜಿಎಸ್‌ಟಿ ಶೇಕಡಾ 18 ಸೇರಿಸಲು ಮರೆಯಬೇಡಿ, ಬಾರದ ಹಣಕ್ಕೂ ಅದನ್ನು ಕಟ್ಟುವ ಸುಖ ಸಿಗುತ್ತದೆ.

ಯಂತ್ರ ಪೂರ್ತಿ ಉರುಳಿಬಿದ್ದಿದೆ: ಸವಣೂರಿನ ಕಲ್ಮಠಕ್ಕೆ ಹೋಗಿ ದೊಡ್ಡ ಹುಣಸೆ ಮರ ನೋಡಿ. ಮೂರಿವೆ, ಆನೆಯ ಹೊಟ್ಟೆಯಂಥ ಬೊಡ್ಡೆ, ಆಫ್ರಿಕಾದ ಜಾತಿ. ಅಲ್ಲಿಂದ ಇಲ್ಲಿಗೆ ಹೇಗೆ ಬಂದವು ಅಂತ ಊರಲ್ಲಿ ಒಬ್ಬೊಬ್ಬರದು ಒಂದೊಂದು ಕಥೆ. 2023ರ ಮಳೆಗಾಲದಲ್ಲಿ ಒಂದು ಬುಡಮೇಲಾಗಿ ಬಿತ್ತು. ಕಡಿದು ಒಲೆಗೆ ಹಾಕಬೇಕಾದದ್ದನ್ನು ಯಂತ್ರ ತರಿಸಿ ಎತ್ತಿ ಮತ್ತೆ ನಿಲ್ಲಿಸಿದರು. ನೋಡಿ ಬರುವಾಗ ಸವಣೂರ ಖಾರ ಒಂದು ಪೊಟ್ಟಣ ಕಟ್ಟಿಸಿಕೊಳ್ಳಿ, ಚಾನೆಲ್ಲಿನವರಿಗೆ ಕೊಡಲು ಬರುತ್ತದೆ.

ವಾರಂಟಿ

ವಾರಂಟಿ ಒಂದು ಜಾತ್ರೆಯಿಂದ ಮುಂದಿನ ಜಾತ್ರೆಯವರೆಗೆ. ನವೀಕರಣಕ್ಕೆ ಮಾಲನ್ನು ಊರಿಗೆ ಖುದ್ದಾಗಿ ತರಬೇಕು.

ಇಷ್ಟು ಹೊತ್ತಿಗೆ ನಿಮ್ಮ ಹೆಸರು ಟೀವಿಯಲ್ಲಿ ಕೊನೆಗೆ ಓಡುವ ಸಾಲುಗಳಲ್ಲಿ ಬಂದಿರುತ್ತದೆ. ಊರಲ್ಲಿ ಅದನ್ನು ಯಾರೂ ಓದಿರುವುದಿಲ್ಲ, ಅಷ್ಟು ಜೋರಾಗಿ ಓಡುತ್ತದೆ. ನಿಮ್ಮ ಅವ್ವ ಮಾತ್ರ ಅದು ಬರುವ ಹೊತ್ತಿಗೆ ಟೀವಿ ಪರದೆಯ ಮೇಲೆ ಬೆರಳಿಟ್ಟು ತೋರಿಸಲು ನೋಡಿ, ಎರಡು ಸಲ ಲೈಟ್‌ಮನ್ ಹೆಸರು ತೋರಿಸಿದ್ದಾಳೆ.

ಬಸ್ಸಿಳಿದವರನ್ನು ಪಡಸಾಲೆಗೆ ಕರೆದೊಯ್ಯುತ್ತಾರೆ. ಮಾಸ್ತರರಿಗೆ ವಯಸ್ಸಾಗಿದೆ, ಹಾರ್ಮೋನಿಯಮ್ಮಿನ ಒಂದು ಮನೆ ಏಳುವುದಿಲ್ಲ. ಹೊಸ ಹುಡುಗನೊಬ್ಬ ಗೋಡೆಗೆ ಆತು ಮೊಬೈಲು ತಿಕ್ಕುತ್ತ ಕುಳಿತಿದ್ದಾನೆ, ಅವನೇ ಈ ವರ್ಷದ ಜೋಕರ. ಎದ್ದು ಬಂದು ರಸೀದಿ ಪುಸ್ತಕ ನಿಮ್ಮ ಕೈಗಿಡುತ್ತಾನೆ. "ಅಣ್ಣಾರ, ನೀವು ಟೀವಿಯವರು. ಐದು ಸಾವಿರಕ್ಕ ಕಡಿಮಿ ಬರೀಬ್ಯಾಡ್ರಿ." ಅನ್ನುವಾಗ ನಗುತ್ತಿರುತ್ತಾನೆ. ನೀವೂ ನಗುತ್ತೀರಿ. ನಕ್ಕ ಮೇಲೆ ಇಲ್ಲ ಅನ್ನುವುದು ಕಷ್ಟ ಎಂದು ಈ ಕೈಪಿಡಿಯಲ್ಲೇ ಮೊದಲಿಗೆ ಹೇಳಿದೆ.

ರಾತ್ರಿ ನಾಟಕ. ನಿಮ್ಮನ್ನು ಮುಂದಿನ ಸಾಲಿನಲ್ಲಿ, ಲೈನ್‌ಮನ್ನನ ಪಕ್ಕ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸುತ್ತಾರೆ. ಹುಡುಗ ರಂಗಕ್ಕೆ ಬಂದವನೇ ಮೊದಲು ನಿಮ್ಮನ್ನು ಹಿಡಿದುಕೊಳ್ಳುತ್ತಾನೆ, ಮುಕ್ಕಾಲು ತಾಸು ಬಿಡುವುದಿಲ್ಲ. ಆಮೇಲೆ ತಂಗಿ ಅಣ್ಣನ ತೊಡೆಯ ಮೇಲೆ ಒರಗುತ್ತಾಳೆ, ಅಣ್ಣ ಬಾಯಿ ತೆರೆಯುತ್ತಾನೆ, ಮೈಕು ಗೊರಗೊರ ಅನ್ನುತ್ತದೆ:

"ಕಲಾಪ್ರೇಮಿಗಳಲ್ಲಿ ವಿನಂತಿ. ನಮ್ಮೂರಿನ ಹಳೇ ಜೋಕರ, ಈಗ ಬೆಂಗಳೂರ ಟೀವಿಯವರು, ಅವರಿಗೆ ಗೆಳೆಯರ ಬಳಗದಿಂದ ನೂರಾ ಒಂದು ರೂಪಾಯಿ ಮತ್ತು ಒಂದು ಟವೆಲ್ ಆಯೇರಿ. ಲಗೂನ ಮ್ಯಾಲೆ ಬರ್ರಿ, ತಂಗಿ ಸಾಯೋದೈತಿ."